ವಾಕಿಟಾಕಿಯಲ್ಲಿ ಎದುರಿನವರ ಮಾತು ಕೇಳಿಸುತ್ತದೆ, ಮಾತನಾಡಲು ಗುಂಡಿ ಒತ್ತಿದೊಡನೆ ಸೆಟ್ ಆರಿಹೋಗುತ್ತದೆ. ಏಕೆ?

ಮೊದಲ ಅನುಮಾನ ಬ್ಯಾಟರಿಯ ಮೇಲಿರಲಿ. ಕೇಳುವಾಗ ಸೆಟ್ ಎಳೆಯುವ ವಿದ್ಯುತ್ ಅಲ್ಪ. 5 ವ್ಯಾಟ್‌ನಲ್ಲಿ ಮಾತು ಕಳುಹಿಸುವಾಗ ಅದು ಒಂದೂವರೆ ಆಂಪಿಯರ್ ಆಸುಪಾಸಿಗೆ ಏರುತ್ತದೆ. ಚಾರ್ಜರ್‌ನಲ್ಲಿ ಹಸಿರು ದೀಪ ಉರಿದರೂ, ಹಳೆಯ ಬ್ಯಾಟರಿಯ ಮೇಲೆ ಈ ಭಾರ ಬಿದ್ದರೆ ವೋಲ್ಟೇಜ್ ಕುಸಿಯುತ್ತದೆ. ಮಲ್ಟಿಮೀಟರ್‌ನಿಂದ ಸುಮ್ಮನೆ ಅಳೆದರೆ ಇದು ತಿಳಿಯುವುದಿಲ್ಲ. ಅದೇ ಮಾದರಿಯ ಒಳ್ಳೆಯ ಬ್ಯಾಟರಿ ಹಾಕಿ ನೋಡುವುದೇ ನಂಬಬಹುದಾದ ಪರೀಕ್ಷೆ. ಅದಕ್ಕೂ ಮುನ್ನ, ಬ್ಯಾಟರಿ ಕೂರುವಲ್ಲಿನ ಲೋಹದ ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಬೆವರು, ಮಳೆನೀರಿನಿಂದ ಕಿಲುಬು ಹಿಡಿಯುವುದು ಅಲ್ಲೇ. ಮರಳು ಕಾಗದದಿಂದ ಮಾತ್ರ ಉಜ್ಜಬೇಡಿ, ಮೇಲಿನ ಲೇಪ ಕಿತ್ತುಹೋಗುತ್ತದೆ.

ಆಂಟೆನಾ ಬಿಚ್ಚಿಟ್ಟು ಗುಂಡಿ ಒತ್ತಲೇಬೇಡಿ. ಹೊರಹೋಗಲಾಗದ ಶಕ್ತಿ ಒಳಗಿನ ಪವರ್ ಟ್ರಾನ್ಸಿಸ್ಟರ್ ಅನ್ನು ಸುಟ್ಟುಹಾಕಬಹುದು. ಸೆಟ್ ಆರದೆಯೂ ಎದುರಿನವರಿಗೆ ಕೇಳಿಸದಿದ್ದರೆ ಎರಡೂ ಸೆಟ್‌ಗಳ ಟೋನ್ ಕೋಡ್ (ಬೇರೆ ಗುಂಪಿನವರ ಮಾತು ಕೇಳಿಸದಂತೆ ಮಾತಿನ ಜೊತೆ ಹೋಗುವ ಗುರುತಿನ ಸಂಕೇತ) ಒಂದೇ ಇದೆಯೇ ನೋಡಿ.