ಕಾರ್ಡ್ ಸೇವ್ ಮಾಡಿ, ಫೋಟೊ ಅಳಿಸಿ

ಪ್ರಶ್ನೆ: ನಮ್ಮದು ಕೊಬ್ಬರಿ ವ್ಯಾಪಾರ. ಮನೆ ಸಾಮಾನು, ಔಷಧಿ ಎಲ್ಲ ಆನ್‌ಲೈನ್‌ನಲ್ಲಿ ತರಿಸುತ್ತೇವೆ. ಆಪ್ ‘ಕಾರ್ಡ್ ಸೇವ್ ಮಾಡಿ’ ಎನ್ನುತ್ತದೆ, ಭಯಕ್ಕೆ ಮಾಡಿಲ್ಲ. ಪ್ರತಿ ಸಲ 16 ಅಂಕಿ ಒತ್ತುವುದೂ ಬೇಜಾರು. ಅದಕ್ಕೇ ಬೆಂಗಳೂರಿನಲ್ಲಿರುವ ಮಗನಿಗೆ ಕಾರ್ಡಿನ ಎರಡೂ ಕಡೆಯ ಫೋಟೊ ವಾಟ್ಸಾಪ್ ಮಾಡಿದ್ದೇನೆ. ಅವನು ಆರ್ಡರ್ ಹಾಕುತ್ತಾನೆ, ನಾನು ಒಟಿಪಿ ಹೇಳುತ್ತೇನೆ. ಇದೇ ಸೇಫ್ ಅಲ್ವಾ?
– ಓದುಗರೊಬ್ಬರು, ತಿಪಟೂರು, ತುಮಕೂರು ಜಿಲ್ಲೆ

ಉತ್ತರ: ಅಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಿದ್ದೀರಿ.

ಸೇವ್ ಮಾಡಿದರೆ ಕಾರ್ಡ್ ನಂಬರ್ ಅಂಗಡಿಯವರ ಬಳಿ ಉಳಿಯುತ್ತದೆ ಎನ್ನುವುದು ಹಳೆಯ ಮಾತು. 2022ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ಅದನ್ನು ನಿಲ್ಲಿಸಿದೆ. ಈಗ ಅಲ್ಲಿ ಉಳಿಯುವುದು ಟೋಕನ್, ಅಂದರೆ ನಂಬರಿನ ಬದಲು ಕೊಟ್ಟ ಬೇರೊಂದು ಸಂಖ್ಯೆ. ಅದು ಆ ಒಂದು ಆಪ್‌ಗೆ ಮಾತ್ರ ನಡೆಯುತ್ತದೆ. ಕದ್ದವರು ಇನ್ನೊಂದು ಕಡೆ ಬಳಸಲಾರರು. ನಂಬಿಕೆಯ ಒಂದೆರಡು ಆಪ್‌ಗಳಲ್ಲಿ ಧೈರ್ಯವಾಗಿ ಸೇವ್ ಮಾಡಿ. ಫೋನಿಗೆ ಲಾಕ್ ಇರಲಿ, ಅಷ್ಟೆ.

ನನಗೆ ದಿಗಿಲಾಗಿದ್ದು ಆ ಫೋಟೊ ವಿಷಯ ಓದಿ. ನಂಬರ್, ಅವಧಿ, ಸಿವಿವಿ (ಕಾರ್ಡಿನ ಮೇಲಿರುವ ಗುಟ್ಟಿನ ಅಂಕಿ) ಮೂರೂ ಅದರಲ್ಲಿವೆ. ಒಟಿಪಿ ಬೇಕಲ್ಲ ಎನ್ನುತ್ತೀರಿ. ನಮ್ಮ ದೇಶದ ಸೈಟ್‌ಗಳಲ್ಲಿ ಸಾಮಾನ್ಯವಾಗಿ ಬೇಕು. ಹೊರದೇಶದ ಎಷ್ಟೋ ಸೈಟ್‌ಗಳು ಕೇಳುವುದೇ ಇಲ್ಲ, ಆ ಮೂರು ವಿವರ ಸಿಕ್ಕರೆ ಸಾಕು. ಇಬ್ಬರ ಫೋನಿನಿಂದಲೂ, ಬ್ಯಾಕಪ್‌ನಿಂದಲೂ ಫೋಟೊ ಅಳಿಸಿ. ಇನ್ನೆಲ್ಲಿ ಉಳಿದಿದೆಯೋ ಎಂಬ ಅನುಮಾನವಿದ್ದರೆ ಕಾರ್ಡನ್ನೇ ಬದಲಿಸಿಕೊಳ್ಳಿ. ಬ್ಯಾಂಕಿನ ಆಪ್‌ನಲ್ಲಿ ಇಂಟರ್‌ನ್ಯಾಷನಲ್ ಬಳಕೆ ಆಫ್ ಮಾಡಿ. ತಿಪಟೂರಿನಲ್ಲಿ ಕೊಬ್ಬರಿ ಮಾರುವವರಿಗೆ ಅದು ದಿನಾ ಯಾಕೆ? ಬೇಕಾದ ದಿನ ಆನ್ ಮಾಡಿದರಾಯಿತು. ಆನ್‌ಲೈನ್ ಖರೀದಿಗೆ ಮಿತಿಯನ್ನೂ ಅಲ್ಲೇ ಇಡಬಹುದು.

ಇನ್ನು ಒಟಿಪಿ. ಮಗನಿಗೇ ಹೇಳುತ್ತೀರಿ, ನಿಜ. ಆದರೆ ಹೇಳಿ ಹೇಳಿ ರೂಢಿಯಾದರೆ, ಸಂತೆ ದಿನದ ಗಡಿಬಿಡಿಯಲ್ಲಿ ಯಾರೋ ‘ಬ್ಯಾಂಕಿನವರು’ ಕೇಳಿದಾಗಲೂ ಬಾಯಿಗೆ ಬಂದುಬಿಡುತ್ತದೆ. ರಿಸರ್ವ್ ಬ್ಯಾಂಕಿನ 2017ರ ನಿಯಮದಂತೆ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹಣ ಹೋದರೆ, ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ಒಟಿಪಿ ನೀವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಹೋದದ್ದೆಲ್ಲ ನಿಮ್ಮ ತಲೆ ಮೇಲೆ. ಮೋಸ ಗೊತ್ತಾದ ಕೂಡಲೇ ಕಾರ್ಡ್ ಬ್ಲಾಕ್ ಮಾಡಿಸಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಫೋನ್ ಮಾಡಿ.

ಮಗನೇ ಆರ್ಡರ್ ಹಾಕಬೇಕು ಅಂದರೆ ಅವನ ಹೆಸರಿನಲ್ಲೊಂದು ಆಡ್-ಆನ್ ಕಾರ್ಡ್, ಅಂದರೆ ನಿಮ್ಮ ಖಾತೆಗೇ ಸೇರಿದ ಇನ್ನೊಂದು ಕಾರ್ಡ್ ಕೇಳಿ. ಬೇರೆ ಮಿತಿ ಇಡಲು ಬರುತ್ತದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಿ.