ಮರಿಗೆ ಮೊದಲು ಹಾಲು ನಿಲ್ಲಿಸಿ

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ತಂದ ಎರಡು ತಿಂಗಳ ಬೆಕ್ಕಿನ ಮರಿಗೆ ಬಂದ ಮರುದಿನದಿಂದಲೇ ಭೇದಿ, ಆಟವೇನೋ ಆಡುತ್ತಿದೆ, ಹಾಲೂ ಕುಡಿಯುತ್ತಿದೆ ಅಂದಿದ್ದೀರಿ. ನನ್ನ ಅನುಮಾನ ಆ ಹಾಲಿನ ಮೇಲೆಯೇ. ಹಸುವಿನ ಹಾಲು ಎಷ್ಟೇ ಚೆನ್ನಾಗಿರಲಿ, ಅದರಲ್ಲಿರುವ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಬಹಳಷ್ಟು ಮರಿಗಳಿಗೆ ಜೀರ್ಣವಾಗುವುದಿಲ್ಲ. ನಮ್ಮ ಕಡೆ ಬೆಕ್ಕು ಅಂದ್ರೆ ಹಾಲು ಅಲ್ವಾ, ಅಜ್ಜಿಯಂದಿರನ್ನು ಒಪ್ಪಿಸುವುದೇ ಕಷ್ಟ! ಇವತ್ತೇ ನಿಲ್ಲಿಸಿ, ನೀರಿಡಿ. ಹಾಗಂತ ಉಪವಾಸ ಕೆಡವಬೇಡಿ. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದೆ ಬೇಯಿಸಿದ, ಮೂಳೆಯಿಲ್ಲದ ಕೋಳಿ ಮಾಂಸವನ್ನು ಸ್ವಲ್ಪ ಸ್ವಲ್ಪವೇ ನಾಲ್ಕೈದು ಸಲ ಕೊಡಿ. ಆಮೇಲೆ ಬೆಕ್ಕಿನ ಮರಿಗಳಿಗೆಂದೇ ಸಿಗುವ ಆಹಾರವನ್ನು ಅದಕ್ಕೆ ವಾರದಲ್ಲಿ ನಿಧಾನಕ್ಕೆ ಬೆರೆಸುತ್ತಾ ಹೋಗಿ.

ಮೈ ಬಡಕಲು, ಹೊಟ್ಟೆ ಮಾತ್ರ ಗುಡಾಣ ಅನ್ನುವಂತಿದ್ದರೆ ಜಂತುಹುಳು ಇರಬಹುದು. ಅದರ ಔಷಧಿಯನ್ನು ತೂಕ ನೋಡಿಯೇ ಕೊಡಬೇಕು, ಅಂದಾಜಿಗೆ ಬೇಡ. ಚಿಕ್ಕ ಡಬ್ಬಿಯಲ್ಲಿ ಮಲದ ಸ್ಯಾಂಪಲ್ ಹಿಡಿದುಕೊಂಡೇ ಹೋಗಿ. ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜು ಇದೆಯಲ್ಲ, ಅಲ್ಲಿ ವಿಚಾರಿಸಬಹುದು. ಮನೆಯಲ್ಲಿರುವ ಮನುಷ್ಯರ ಮಾತ್ರೆ ಮುಟ್ಟಲೇಬೇಡಿ. ಪ್ಯಾರಾಸಿಟಮಾಲ್ ಅಂತೂ ಬೆಕ್ಕಿಗೆ ವಿಷ.

ವಾಂತಿ ಶುರುವಾದರೆ, ಮಲದಲ್ಲಿ ರಕ್ತ ಕಂಡರೆ, ಊಟ ಬಿಟ್ಟು ಮುದುಡಿ ಕೂತರೆ ನಾಳೆಗೆ ಇಡಬೇಡಿ. ಲಸಿಕೆ ಆಗದ ಮರಿಗಳಲ್ಲಿ ಪ್ಯಾನ್‌ಲ್ಯುಕೋಪೇನಿಯಾ ಅನ್ನುವ ವೈರಸ್ ಕಾಯಿಲೆಯೂ ಹೀಗೇ ಇರುತ್ತದೆ, ಬೇಗ ಪ್ರಾಣ ತೆಗೆಯುತ್ತದೆ. ಹೆಗಲ ಮೇಲಿನ ಚರ್ಮ ಎಳೆದು ಬಿಟ್ಟಾಗ ತಟ್ಟನೆ ಕೂರದಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಅಂತ. ಆಗಲೂ ಅಷ್ಟೇ, ಸೀದಾ ಡಾಕ್ಟರ್ ಹತ್ತಿರ ಹೋಗಿ. ಈ ಮಳೆ ಚಳಿಯಲ್ಲಿ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಭೇದಿಯಾದ ಮರಿಯ ಮೈ ಬೇಗ ತಣ್ಣಗಾಗುತ್ತದೆ.