ಕಟ್ಟಡ ಮಾರದೆ ಹಿಸ್ಸೆ ಮಾರುವ ದಾರಿ

ಪತ್ರದ ಸಾರ: ಕಳೆದ ಸಂಚಿಕೆಯಲ್ಲಿ ಅಮೆರಿಕದ ಕಟ್ಟಡ ಹೂಡಿಕೆದಾರ ಸ್ಯಾಮ್ ಝೆಲ್ ಅವರನ್ನು ಸಾಧಕರೆಂದು ಹೊಗಳಿದ್ದೀರಿ. ಸೋತವರ ಕಟ್ಟಡಗಳನ್ನು ಅಗ್ಗಕ್ಕೆ ಕೊಂಡವರು ದಲ್ಲಾಳಿಯಲ್ಲದೆ ಮತ್ತೇನು? ಅಡಿಕೆ ಬೆಳೆಯುವ ನಮಗೆ ಅವರಿಂದ ಆಗಬೇಕಾದ್ದೇನು?
– ಶಿರಸಿಯ ಓದುಗರೊಬ್ಬರು

ಸಂಪಾದಕರ ಉತ್ತರ:

ಸೋತವರ ಆಸ್ತಿ ಕೊಂಡದ್ದು ನಿಜ. ‘ಗೋರಿಯ ಮೇಲೆ ಕುಣಿಯುವವ’ ಎಂಬ ಹೆಸರನ್ನು 1976ರ ಲೇಖನವೊಂದರಲ್ಲಿ ಅವರೇ ಇಟ್ಟುಕೊಂಡಿದ್ದರು. ಆದರೂ ಅವರ ಬಗ್ಗೆ ಬರೆಸಿದ್ದಕ್ಕೆ ನನ್ನ ಮನೆಯದೇ ಒಂದು ಕಾರಣವಿದೆ.

ಶಿರಸಿ ಪೇಟೆಯಲ್ಲಿ ನಮ್ಮ ಅಜ್ಜನ ಮಳಿಗೆಯಿತ್ತು. ಉತಾರದಲ್ಲಿ ನಾಲ್ವರು ಅಣ್ಣತಮ್ಮಂದಿರ ಹೆಸರು. ಬಾಡಿಗೆ ಬಂದ ದಿನ ದೊಡ್ಡಪ್ಪ ನಾಲ್ಕು ಲಕೋಟೆ ಮಾಡಿ, ಒಂದೊಂದರ ಮೇಲೂ ಮೊತ್ತ ಬರೆದು ದೇವರ ಮುಂದೆ ಇಡುತ್ತಿದ್ದರು. ಮಗಳ ಮದುವೆಗೆ ಚಿಕ್ಕಪ್ಪನಿಗೆ ಹಣ ಬೇಕಾಯಿತು. ಕಾಲು ಹಿಸ್ಸೆ ಕೊಳ್ಳುವವರು ಯಾರೂ ಬರಲಿಲ್ಲ. ಕೊನೆಗೆ ಇಡೀ ಮಳಿಗೆಯನ್ನೇ ಮಾರಿದೆವು.

ಈ ಗಂಟು ಬಿಡಿಸಲು ಅಮೆರಿಕದಲ್ಲಿ 1960ರಲ್ಲೇ ಕಾನೂನು ಬಂದಿತ್ತು: ಹಲವರ ಹಣ ಸೇರಿಸಿ ಕಟ್ಟಡಗಳನ್ನು ಹೊಂದಿ, ಬಾಡಿಗೆಯನ್ನು ಪಾಲುದಾರರಿಗೆ ಹಂಚುವ ಟ್ರಸ್ಟ್, ಅಂದರೆ ‘ರೀಟ್’. ಆದರೆ ದೊಡ್ಡ ಕಟ್ಟಡಗಳು ಸಾಲದ ಹಣದಲ್ಲಿ, ಕೆಲವೇ ಮಾಲೀಕರ ಕೈಯಲ್ಲಿ ಉಳಿದಿದ್ದವು. ತೊಂಬತ್ತರ ದಶಕದ ಆರಂಭದಲ್ಲಿ ಬ್ಯಾಂಕುಗಳು ಸಾಲದ ಬಾಗಿಲು ಮುಚ್ಚಿದಾಗ ಅವುಗಳನ್ನು ಷೇರುಪೇಟೆಗೆ ತಂದವರಲ್ಲಿ ಝೆಲ್ ಮುಂಚೂಣಿಯಲ್ಲಿದ್ದರು. 1993ರಲ್ಲಿ ವಸತಿ ಸಮುಚ್ಚಯಗಳು, 1997ರಲ್ಲಿ ಕಚೇರಿಗಳು. ಪಿಂಚಣಿ ನಿಧಿಯಂಥ ಸಂಸ್ಥೆಗಳೂ ಸಾಮಾನ್ಯ ಉಳಿತಾಯಗಾರರೂ ಒಂದೇ ಪೇಟೆಯಲ್ಲಿ ಪಾಲು ಕೊಳ್ಳುವಂತಾಯಿತು. ಬೇಡವಾದವರು ಕಟ್ಟಡ ಅಲುಗಾಡದಂತೆ ಹೊರಬರುವಂತಾಯಿತು. 2007ರಲ್ಲಿ ಆ ಕಚೇರಿಗಳ ಕಂಪನಿಯನ್ನು ಹೂಡಿಕೆ ಸಂಸ್ಥೆ ಬ್ಲ್ಯಾಕ್‌ಸ್ಟೋನ್, ಸಾಲವೂ ಸೇರಿ, 3,900 ಕೋಟಿ ಡಾಲರಿಗೆ ಕೊಂಡಿತು. ಮರುವರ್ಷವೇ ಪೇಟೆ ಕುಸಿಯಿತು.

ನಿಮಗೇನು ಎಂದು ಕೇಳಿದ್ದೀರಿ. ನಮ್ಮಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ 2014ರಲ್ಲಿ ಇಂಥ ಟ್ರಸ್ಟುಗಳಿಗೆ ನಿಯಮ ಮಾಡಿತು. ಮೊದಲ ಟ್ರಸ್ಟ್ 2019ರಲ್ಲಿ ಷೇರುಪೇಟೆಗೆ ಬಂತು. ಬೆಂಗಳೂರಿನ ಕಟ್ಟಡ ನಿರ್ಮಾಣ ಸಂಸ್ಥೆ ಎಂಬಸಿ ಜೊತೆ ಅದೇ ಬ್ಲ್ಯಾಕ್‌ಸ್ಟೋನ್ ಅದರ ಹಿಂದಿತ್ತು. ಹಂಚಬಹುದಾದ ಆದಾಯದಲ್ಲಿ ಕನಿಷ್ಠ ಶೇ 90ರಷ್ಟನ್ನು ಪಾಲುದಾರರಿಗೆ ಕೊಡಲೇಬೇಕು. ಕಾರವಾರದ ಬದಿಯಲ್ಲಿ ನಿವೇಶನ ಕೊಂಡು, ಬಿನ್‌ಶೇತ್ಕಿ (ಕೃಷಿಯೇತರ ಬಳಕೆ) ಆದೇಶಕ್ಕೂ ಕರಾವಳಿ ನಿಯಂತ್ರಣ ವಲಯದ ಅನುಮತಿಗೂ ವರ್ಷಗಟ್ಟಲೆ ಅಲೆಯುವವರನ್ನು ನೋಡಿದ್ದೇನೆ. ಅವರಿಗೂ ಇಂಥದ್ದೊಂದು ದಾರಿಯಿದೆಯೆಂದು ತಿಳಿದಿರಲಿ ಎಂಬುದು ನನ್ನ ಆಸೆ. ಪಾಲಿನ ಬೆಲೆ ಇಳಿಯಲೂಬಹುದು. ಟ್ರಸ್ಟಿನ ಸಾಲವೆಷ್ಟು, ಬಾಡಿಗೆದಾರರು ಯಾರು ಎಂದು ನೋಡದೆ ಅಡಿಕೆಯ ದುಡ್ಡು ಹಾಕಬೇಡಿ.

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಸಿಟ್ಟು ನನ್ನದೂ ಹೌದು. ಅದೇ 2007ರಲ್ಲಿ ಝೆಲ್ ಮುಂದೆ ನಿಂತು ಅಮೆರಿಕದ ಟ್ರಿಬ್ಯೂನ್ ಪತ್ರಿಕಾ ಸಂಸ್ಥೆಯನ್ನು ಸುಮಾರು 820 ಕೋಟಿ ಡಾಲರ್ ವ್ಯವಹಾರದಲ್ಲಿ ಕೊಳ್ಳಿಸಿದರು. ಹೆಚ್ಚಿನದು ಸಾಲ, ಮಾಲೀಕತ್ವ ಕಾಗದದ ಮೇಲೆ ನೌಕರರದು. 2008ರ ಡಿಸೆಂಬರಿನಲ್ಲಿ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಎಷ್ಟೋ ಪತ್ರಕರ್ತರು ಕೆಲಸ ಕಳೆದುಕೊಂಡರು. ಪತ್ರಿಕೆ ನಡೆಸುವ ನಾನು ಇದನ್ನು ಲೇಖನದಲ್ಲಿ ಒಂದೇ ಸಾಲಿಗೆ ಬಿಟ್ಟದ್ದು ತಪ್ಪು. ಮುಂದಿನ ಸಂಚಿಕೆಯಲ್ಲಿ ಆ ಭಾಗವನ್ನು ವಿವರವಾಗಿ ಬರೆಸುತ್ತೇನೆ.